ಪುಟ ೨೧೬ರ ಎದುರು

ಅವೆನ್ಯೂ ರಸ್ತೆ, ಭಾನುವಾರ. ಟಾರ್ಪಾಲಿನ ಮೇಲೆ
ರಟ್ಟು ಕಳಕೊಂಡ ಇಂಗ್ಲಿಷ್ ಕಾದಂಬರಿಯೊಂದನ್ನು
ಗುಲ್ಜಾರ್ ಸಾಬರು ಹಾಳೆಹಾಳೆ ಬಿಡಿಸಿದ್ದಾರೆ.
ಕಥೆ ರದ್ದಿಗೆ, ಚಿತ್ರ ಫ್ರೇಮಿಗೆ.
‘ನೂರೈವತ್ತು, ಮೇಡಂ. ರಾಣಿ ಕಾಲದ್ದು.’

ಲಂಡನ್ನಿನ ಸಾಲಗಾರರ ಜೈಲು.
ಆರಿದ ಒಲೆಯ ಮುಂದೆ ನಿಲುವಂಗಿ ತೊಟ್ಟ ಮುದುಕ,
ಇನ್ನೂ ತಾನೇ ಯಜಮಾನ ಎಂಬಂತೆ ಕಾಲ ಮೇಲೆ ಕಾಲು.
ಬಾಗಿಲಲ್ಲಿ ಮಗಳು, ಬಟ್ಟೆ ಮುಚ್ಚಿದ ಬುಟ್ಟಿ.
ಬೀಗದವನ ಹೊಟ್ಟೆ ಮಾತ್ರ ಗುಂಡಗೆ,
ಚಿತ್ರಕಾರನಿಗೆ ಅವನ ಮೇಲೆ ಅಕ್ಕರೆ ಇದ್ದಿರಬೇಕು.
ಎತ್ತರದ ಕಿಟಕಿಯಿಂದ ಓರೆ ಇಳಿದ ಬೆಳಕು
ಬುಟ್ಟಿಯ ತನಕ ಬಂದು ನಿಂತಿದೆ.
ಅಡಿಯಲ್ಲಿ ಸಣ್ಣಕ್ಷರ: ಪುಟ ೨೧೬ರ ಎದುರು.
ಆ ಪುಟ ಈಗ ಯಾರ ಕಡಲೆಕಾಯಿ ಪೊಟ್ಟಣವೋ.

ಭೂತಗನ್ನಡಿ ಇಸಕೊಂಡು ನೋಡಿದೆ.
ಹತ್ತಿರ ಹೋದರೆ ಜೈಲಿಲ್ಲ. ಗೆರೆ,
ಗೆರೆಗೆ ಅಡ್ಡಗೆರೆ, ಅದಕ್ಕೊಂದು ಓರೆಗೆರೆ.

ಕಾಟನ್‌ಪೇಟೆಯಲ್ಲಿ ಅಪ್ಪ ಬ್ಲಾಕು ಮಾಡುತ್ತಿದ್ದ,
ಬೆರಳ ತುದಿಯೆಲ್ಲ ಹಳದಿ.
‘ನಮ್ಮ ಸತುವಿನಲ್ಲಿ ಆಸಿಡ್ ತಿಂದದ್ದು ಬಿಳಿ, ಉಳಿದದ್ದು ಕಪ್ಪು.
ದೊರೆಗಳ ಉಕ್ಕಿನ ತಗಡು ತಿರುಗಾಮುರುಗಾ ಕಣೆ,
ತಿಂದದ್ದೇ ಕಪ್ಪು.’

ಎತಿರಾಜನ ಪ್ರೆಸ್ಸಿಗೆ ಅಪ್ಪ ಜಾಮೀನು ಹಾಕಿದ.
ಎತಿರಾಜ ಟ್ರೆಡಲ್ಲನ್ನೂ ಬಿಟ್ಟು
ಅರಕ್ಕೋಣದ ರೈಲು ಹತ್ತಿದ.
ಚೀಟಿ ಸಂಪಂಗಿರಾಮಯ್ಯ ಡಿಕ್ರಿ ತಂದ.
ಒಳಗೆ ತಳ್ಳುವುದೂ ಜಾಮೀನು, ಹೊರಗೆ ತರುವುದೂ ಜಾಮೀನು;
ಅಪ್ಪನಿಗೆ ಮೊದಲನೆಯದಷ್ಟೇ ಸಿಕ್ಕಿತು.

ಶೇಷಾದ್ರಿ ರಸ್ತೆಯ ಜೈಲು. ಸಿವಿಲ್ ಖೈದಿಯ ಊಟದ ಭತ್ಯೆ
ಸಾಲ ಕೊಟ್ಟವನೇ ಮುಂಗಡ ಕಟ್ಟಬೇಕಂತೆ.
ನನಗೆ ಒಂಬತ್ತು. ಅಮ್ಮನ ಕೈಯಲ್ಲಿ ಕ್ಯಾರಿಯರು,
ಮೇಲಿನ ಡಬ್ಬಿಯಲ್ಲಿ ಹುರುಳಿ ಬಸ್ಸಾರು.
‘ನಾಳೆಯಿಂದ ತರಬೇಡಿ’ ಅಂದ ಅಪ್ಪ,
‘ಸಂಪಂಗಿರಾಮಯ್ಯನ ಅಕ್ಕಿ ಖರ್ಚಾಗಲಿ.
ನಾನು ಎರಡೆರಡು ಸಲ ಹಾಕಿಸ್ಕೋತೀನಿ.’
ನಾನು ನಕ್ಕೆ. ಅಮ್ಮ ನಗಲಿಲ್ಲ.
ಡಬ್ಬಿಯನ್ನು ಹಾಗೇ ವಾಪಸು ತಂದು
ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಳು, ಬಿಸಿ ಆರುವವರೆಗೂ.

ನಲವತ್ತೊಂದನೆಯ ದಿನ ಭತ್ಯೆ ಬರಲಿಲ್ಲ.
ಸಾಲ ತೀರಿಸಿ ಅಲ್ಲ,
ಅನ್ನ ಹಾಕಿ ಹಾಕಿ ಅವನಿಗೆ ಸಾಕಾಗಿ
ಅಪ್ಪ ಹೊರಗೆ ಬಂದ.
ಕೈಕಾಲು ತೊಳೆದು, ಅರ್ಧಕ್ಕೆ ನಿಂತಿದ್ದ
ಯಾರದೋ ಮದುವೆಪತ್ರದ ಗಣಪತಿಯನ್ನು ಆಸಿಡ್ಡಿಗಿಳಿಸಿದ.
ಆ ದಿನಗಳ ಮಾತು ಮನೆಯಲ್ಲಿ ಯಾರೂ ಆಡಲಿಲ್ಲ.
ತಿಂದದ್ದು ಬಿಳಿ.

ಈಗಲ್ಲಿ ಪಾರ್ಕು. ಮಧುಮೇಹದವರು ಬೆಳಿಗ್ಗೆ
ಗೋಡೆಯುದ್ದಕ್ಕೂ ಬಿರುಸಾಗಿ ನಡೆಯುತ್ತಾರೆ.

ಇಡೀ ಚಿತ್ರದಲ್ಲಿ ಚಿತ್ರಕಾರ ಬರೆಯದೇ ಬಿಟ್ಟದ್ದು
ಬುಟ್ಟಿಯ ಮೇಲಿನ ಬಟ್ಟೆ ಒಂದೇ, ಖಾಲಿ ಕಾಗದ.
ಒಳಗೇನಿದೆಯೋ. ಇವಳೂ ವಾಪಸು ಒಯ್ದಳೋ.

ಪರ್ಸಿನಲ್ಲಿ ನೂರಿಪ್ಪತ್ತೇ ಇತ್ತು. ಚಿತ್ರ ಕೆಳಗಿಟ್ಟೆ.
ಗುಲ್ಜಾರ್ ಸಾಬರು ಅದನ್ನೆತ್ತಿ
ಹಳೇ ಕ್ಯಾಲೆಂಡರಿನಲ್ಲಿ ಸುತ್ತುತ್ತ,
‘ಮೂವತ್ತು ತಾನೇ, ಮುಂದಿನ ವಾರ ಕೊಡಿ’ ಅಂದರು.
ಹೆಸರನ್ನೂ ಕೇಳಲಿಲ್ಲ.