ಹಲ್ಲಿಶಕುನ

ವೈಯಾಲಾ ಊರಿನ ಆಸ್ಪತ್ರೆ ಚಾವಣಿ. ಮಧ್ಯಾಹ್ನ ಎರಡೂ ಹತ್ತು.
ನಲವತ್ನಾಲ್ಕು ಡಿಗ್ರಿ ಅನ್ನುವುದು ಕೆಳಗಿನವರ ಲೆಕ್ಕ;
ಇಲ್ಲಿ ತಗಡಿನ ಮೇಲೆ ಸ್ಪ್ಯಾನರ್ ಇಟ್ಟು ಮರೆತರೆ
ಮತ್ತೆ ಎತ್ತಲು ಕೈಗವಸು ಬೇಕು.

ಅಡಿಲೇಡಿನಿಂದ ನಾಲ್ಕು ತಾಸು ಓಡಿಬಂದ ವ್ಯಾನಿನ ಬಾಗಿಲಿಗೆ
ಕಂಪನಿಯ ಲಾಂಛನ. ನನ್ನ ಎದೆಗೂ ಅದೇ.
ಈ ಯಂತ್ರದ ಹಣೆಗೂ ಅದೇ.
ಒಂದೇ ಮನೆದೇವರ ಒಕ್ಕಲು ನಾವು ಮೂವರೂ.

ದಾರಿಯಲ್ಲೇ ಫೋನು ಬಂದಿತ್ತು.
ಎಲ್ಲೋ ತಂಪು ಕೋಣೆಯಲ್ಲಿ ಕೂತು
ನೂರಾರು ಚಿಲ್ಲರುಗಳ ನಾಡಿ ನೋಡುವ ಹುಡುಗ:
"ಎರಡನೆಯದು. ಹೈ ಪ್ರೆಶರ್. ಬೆಳಗಿಂದ ಆರು ಸಲ ನಿಂತಿದೆ.
ಹದಿನೇಳು ವರ್ಷದ್ದಲ್ಲವೆ, ಕಂಪ್ರೆಸರ್ ಹೋಗಿರಬೇಕು.
ಹೊಸದರ ಕೊಟೇಶನ್ ಸೇಲ್ಸಿನವರು ಆಗಲೇ ಬರೆದಿದ್ದಾರೆ,
ನೀನು ಹ್ಞೂಂ ಅಂದರೆ ಸಾಕು."

ನಾನು ಹ್ಞೂಂ ಅನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ.
ಕಾರವಾರದ ಬೈತಖೋಲ ಬಂದರಿನಲ್ಲಿ, ಐಸ್ ಫ್ಯಾಕ್ಟರಿಯ
ಅಮೋನಿಯಾ ಘಾಟಿನಲ್ಲಿ ಕಣ್ಣೀರಿಡುತ್ತ ಕಲಿತವನು ನಾನು.
ಹೊರಗೆ ಬೋಟುಗಳು ಸಾಲುಗಟ್ಟಿ ಬೈಯುತ್ತಿದ್ದರೂ
ಪಾವ್ಲು ಮೇಸ್ತ್ರಿ ಉದ್ದ ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ,
ಹಿಡಿ ಕಿವಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದ.
"ಮೊದಲು ಕಿವಿ ಕೊಡು," ಅನ್ನುತ್ತಿದ್ದ, "ಬಾಯಿ ಆಮೇಲೆ."

ಕೊಟ್ಟೆ. ಹೊಟ್ಟೆ ತುಂಬಿದ ಎಮ್ಮೆ
ಮೆಲುಕು ಹಾಕುವ ಸದ್ದು. ಇದು ಸಾಯುವ ಪ್ರಾಣಿಯದಲ್ಲ.
ಎರಡು ನಿಮಿಷ. ಒತ್ತಡದ ಮುಳ್ಳು ಮೇಲೆ, ಮೇಲೆ,
ಟಪ್. ನಿಂತಿತು.

ಬೀಚಿಗೆ ಒಯ್ಯುವ ಪಟ್ಟೆಪಟ್ಟೆ ಛತ್ರಿಯನ್ನು
ನನ್ನ ಮೇಲೆ ಹಿಡಿದು ನಿಂತಿದ್ದಾನೆ ಝ್ವೊಂಕೊ,
ಆಸ್ಪತ್ರೆಯ ರಿಪೇರಿಯವನು, ಮಾರ್ಚಿಗೆ ನಿವೃತ್ತಿ.
ಅವನ ಅರ್ಧ ಬೆನ್ನು ಬಿಸಿಲಲ್ಲಿ.
"ಕೆಳಗೆ ಒಬ್ಬಳ ಸೊಂಟದ ಆಪರೇಶನ್ ನಿಲ್ಲಿಸಿದ್ದಾರೆ," ಅಂದ.
ಅಷ್ಟೇ ಅಂದ. ಆಮೇಲೆ, ಅವನಿಗವನೇ ಎಂಬಂತೆ,
"ಫ್ಯಾನು ಆರಿದ್ದವು."

ತಲೆಯೆತ್ತಿದೆ.
ಮತ್ತೆ ಶುರುಮಾಡಿದಾಗ ತಿರುಗಿದ್ದು ಮೂರು.

ಸ್ವಿಚ್ ಕೆಡವಿ, ನನ್ನ ಬೀಗ ಜಡಿದು, ಹೆಸರಿನ ಚೀಟಿ ಕಟ್ಟಿ,
ಕೀಲಿಯನ್ನು ಜೇಬಿಗಿಳಿಸಿ ಪ್ಯಾನೆಲ್ ಬಿಚ್ಚಿದರೆ,
ಕಾಂಟ್ಯಾಕ್ಟರಿನ ಎರಡು ತುಟಿಗಳ ನಡುವೆ
ಒಂದು ಹಲ್ಲಿ.
ಸುಟ್ಟು ಕಡ್ಡಿಯಾಗಿದೆ. ಬೆರಳು ಮಾತ್ರ ಹಾಗೇ ಅಗಲಿಸಿದೆ.
ರಾತ್ರಿ ದೀಪದ ಸುತ್ತಲ ಹುಳುವಿಗೆಂದು ಬಂದಿರಬೇಕು.
ಹೊಟ್ಟೆಪಾಡಿನ ದಾರಿ
ಎಲ್ಲಿಂದೆಲ್ಲಿಗೆ ನುಗ್ಗಿಸುತ್ತದೆಂದು ನನಗೆ ಯಾರೂ ಹೇಳಬೇಕಿಲ್ಲ.

ಪಂಚಾಂಗದಲ್ಲಿ ಅಜ್ಜಿ ಓದಿಸುತ್ತಿದ್ದಳು:
ತಲೆಗೆ ಬಿದ್ದರೆ ಇಂಥ ಫಲ, ಬಲ ಭುಜಕ್ಕೆ ಇಂಥದು, ಪಾದಕ್ಕೆ ಇಂಥದು.
ಕಾಂಟ್ಯಾಕ್ಟರಿಗೆ ಬಿದ್ದರೆ ಏನೆಂದು ಬರೆದಿರಲಿಲ್ಲ.
ಕಂಪನಿಯ ಟ್ಯಾಬ್ಲೆಟ್ಟಿನಲ್ಲೂ ಇಲ್ಲ.
ಕೆಟ್ಟ ಕಾರಣಕ್ಕೆ ಅಲ್ಲಿ ಹನ್ನೊಂದು ಆಯ್ಕೆ:
ಸವೆತ, ಸೋರಿಕೆ, ವಯಸ್ಸು...
'ವಯಸ್ಸು' ಒತ್ತಿದರೆ ತಾನಾಗಿ ತೆರೆಯುತ್ತದೆ ಕೊಟೇಶನ್ನಿನ ಪುಟ.

ನಾನು 'ಇತರೆ' ಒತ್ತಿದೆ.

ಹೊಸ ಕಾಂಟ್ಯಾಕ್ಟರ್ ಕೂರಿಸಲು ಇಪ್ಪತ್ತು ನಿಮಿಷ.
ಆರೂ ಫ್ಯಾನು ಎದ್ದು ಬಿಸಿಯುಸಿರನ್ನು ಆಕಾಶಕ್ಕೆ ಉಗಿದವು.
ಮುಳ್ಳು ಇಳಿಯಿತು; ಇಳಿದಲ್ಲೇ ನಿಂತಿತು.
ಝ್ವೊಂಕೊ ಪೆನ್ಸಿಲ್ ನೆಕ್ಕಿ ತನ್ನ ಹಳೇ ವಹಿಯಲ್ಲಿ ಏನೋ ಗೀಚಿದ.

ಫೋನು. "ಇತರೆ ಅಂದರೆ ಏನು?"
"ಹಲ್ಲಿ."
"ಅಲ್ಲ, ಕಾರಣ ಕೇಳಿದೆ."
"ಹಲ್ಲಿ."
ಆಚೆ ಕೀಲಿಮಣೆ ಸದ್ದಿಲ್ಲ. "ಹೇಗೂ ಈ ವರ್ಷ ಬದಲಿಸುತ್ತಾರೆ,"
ಅಂದ ಹುಡುಗ, ಸಮಾಧಾನ ಹೇಳುವವನಂತೆ.
ಬದಲಿಸುತ್ತಾರೆ. ನಾನೇ ಬಂದು ಇದರ ಗ್ಯಾಸ್ ಇಳಿಸಬೇಕು.

ಸಿಗರೇಟು ಪ್ಯಾಕಿನಲ್ಲಿ ಹಲ್ಲಿಯನ್ನು ಮಲಗಿಸಿದೆ.
ಏಕೋ ಬೆರಳಿನ ಗೆಣ್ಣಿನಿಂದ ತಗಡನ್ನು ಮೂರು ಸಲ ಕುಟ್ಟಿ,
"ಕೃಷ್ಣ ಕೃಷ್ಣ" ಅಂದು, ಸುಟ್ಟ ಬೆರಳು ಬಾಯಿಗಿಟ್ಟೆ.
"ಅದೇನು?" ಎಂದ ಝ್ವೊಂಕೊ.
"ನುಡಿದ ಮಾತು ನಿಜವಾಗಲಿ ಅಂತ."
"ನಾವು ಮರಕ್ಕೆ ಕುಟ್ಟುತ್ತೇವೆ," ಎಂದು
ಅವನು ಸುತ್ತ ನೋಡಿದ. ತಗಡು, ತಾಮ್ರ, ಟಾರು.

ಕೊನೆಗೆ ಛತ್ರಿಯ ಹಿಡಿಗೆ ಕುಟ್ಟಿದ.