ಅಗುಳಿ

ತೊಂಬತ್ತು ಸೆಕೆಂಡಿಗೊಂದು ಪಾಠ.
ಗೋಪುರದ ಬುಡದಲ್ಲಿ ನಿಂತು ಬೆಲ್ಟು ಬಿಗಿಯುವಷ್ಟರಲ್ಲಿ
ಕೇಳಿ ಮುಗಿಯಬೇಕು ಎಂದಿದ್ದರು ಕಂಪನಿಯವರು.
ತುತ್ತು ಎಂದರು ಅದಕ್ಕೆ. ತುಣುಕು ಎಂದರು.
ನಾನು ಮನಸ್ಸಿನಲ್ಲೇ ಮುಕ್ಕು ಎಂದುಕೊಂಡೆ,
ಮಂಡಕ್ಕಿ ಬಾಯಿಗೆ ಎಸೆದುಕೊಂಡ ಹಾಗೆ.

ನನ್ನ ಕೆಲಸ ಪಾಠದ್ದಲ್ಲ, ಪದದ್ದು.
ಮೆದೇಹಳ್ಳಿ ರಸ್ತೆಯ ಮಹಡಿ ಕೋಣೆ, ಒಂದು ಉದ್ದನೆ ಪಟ್ಟಿ:
ಎಡಕ್ಕೆ ಇಂಗ್ಲಿಷು, ಬಲಕ್ಕೆ ಖಾಲಿ.
ಕಿಟಕಿಯಾಚೆ ಜೋಗಿಮಟ್ಟಿ ಕಡೆಯ ಗುಡ್ಡಸಾಲಿನಲ್ಲಿ
ಗಾಳಿಯಂತ್ರಗಳು ನನ್ನನ್ನೇನೂ ಕೇಳದೆ ತಿರುಗುತ್ತಿದ್ದವು.

ಪುಸ್ತಕವಾದರೆ ಪರವಾಗಿಲ್ಲ,
ಅಡಿಟಿಪ್ಪಣಿ ಉಂಟು, 'ಅಂದರೆ' ಎನ್ನಲು ಜಾಗ ಉಂಟು,
ಹಿಂದಿನ ಪುಟದಲ್ಲಿ ಬೆರಳಿಟ್ಟು ಮುಂದೆ ಓದಬಹುದು.
ಮುಕ್ಕಿನೊಳಗೆ 'ಅಂದರೆ' ಹಿಡಿಸುವುದಿಲ್ಲ.
ಪದ ತಪ್ಪಿದರೆ ಉಳಿಯುವುದು ಬರೀ ದನಿ.

ದಾದಾಪೀರ್ ಸಾಹೇಬರ ಲೇತು ಅಂಗಡಿಗೆ ಹೋಗಿ
ಕಬ್ಬಿಣದ ಚೂರುಗಳ ನಡುವೆ ಸ್ಟೂಲಿನಲ್ಲಿ ಕೂರುತ್ತಿದ್ದೆ.
'ಭ್ರಾಮಕ ಬಲ' ಎಂದೆ ಒಮ್ಮೆ, ಕೋಶದಿಂದ ಎತ್ತಿಕೊಂಡು ಹೋಗಿ.
ಅವರು ಒರೆಸುವ ಬಟ್ಟೆ ಕೆಳಗಿಟ್ಟು
'ಯಾರಮ್ಮ ಅವನು?' ಎಂದರು.
ಅಳಿಸಿ ಬರೆದೆ: ಬಿಗಿ.

ಹೀಗೆ ಇಪ್ಪತ್ತೆಂಟು ಪಾಠ.
ನಾಲ್ಕನೆಯದರಲ್ಲಿ ಬ್ರೇಕಿಗೆ 'ತಡೆ' ಎಂದಿದ್ದೆ.
ಹತ್ತೊಂಬತ್ತನೆಯದರಲ್ಲಿ,
ಚಕ್ರದ ತೂತಿಗೆ ತುರುಕುವ ಉಕ್ಕಿನ ಗೂಟಕ್ಕೂ,
ಕಣ್ಣು ತೂಗುತ್ತಿತ್ತು, ಗಡುವು ನಾಳೆ,
'ತಡೆ' ಎಂದೆ.

ಪಾಲಯ್ಯನ ಫೋನು ಬಂದದ್ದು ಒಂದು ಬುಧವಾರ.
ಎಂಬತ್ತು ಮೀಟರು ಮೇಲಿನ ಗಾಳಿ ಮೊದಲು ಮಾತಾಡಿತು,
ಆಮೇಲೆ ಅವನು:
'ತಡೆ ಹಾಕಿ ಒಳಗೆ ಕೈ ಹಾಕು ಅಂದೀರಿ ಅಕ್ಕ,
ಯಾವ ತಡೆ?'

ಅವನು ಕೇಳಿದ. ಕೇಳದವನು ಇದ್ದಿದ್ದರೆ,
ಆ ಸಾಲನ್ನು ಇಂದಿಗೂ ಮುಗಿಸಿಲ್ಲ.
'ಏನೂ ಮುಟ್ಟಬೇಡ, ಇಳಿದು ಬಾ' ಎಂದೆ.
'ಬುತ್ತಿ ಮೇಲೇ ತಂದೀನಿ, ಉಂಡು ಇಳೀತೀನಿ' ಎಂದು ನಕ್ಕ.

ಭಾನುವಾರ ಕೋಟೆಗೆ ಹೋದೆ, ಪದ ಹುಡುಕಲೇನೂ ಅಲ್ಲ,
ತಂಗಿಯ ಮಗ ಹಟ ಹಿಡಿದಿದ್ದ.
ಬಾಗಿಲ ಪಕ್ಕ, ಕಲ್ಲಿನ ಚೌಕ ತೂತಿನೊಳಗೆ
ಮೊಣಕೈ ತನಕ ಇಳಿಸಿ
'ಇದು ಯಾಕೆ ದೊಡ್ಡಮ್ಮ?' ಎಂದ.
ಅಗುಳಿ ಸೇರಿಸೋಕೆ, ಎಂದೆ.
ಚೇಳಿರುತ್ತೆ, ಕೈ ತೆಗಿ, ಎಂದೆ.
ಆಮೇಲೆ ಅಲ್ಲೇ ನಿಂತುಬಿಟ್ಟೆ.

ಪಟ್ಟಿಯಲ್ಲೀಗ ಎರಡು ಸಾಲು.
ಬ್ರೇಕು: ಬ್ರೇಕೇ. ಓಡುವುದನ್ನು ನಿಲ್ಲಿಸುತ್ತದೆ, ಜಾರಲೂಬಹುದು.
ಅಗುಳಿ: ನಿಂತದ್ದನ್ನು ಅಲುಗಲು ಬಿಡುವುದಿಲ್ಲ.

ಹತ್ತೊಂಬತ್ತನ್ನು ಮತ್ತೆ ಓದಿ ಮುದ್ರಿಸಿಕೊಂಡೆವು.
ಎಂಬತ್ತಾರು ಸೆಕೆಂಡು.
ಉಳಿದ ನಾಲ್ಕಕ್ಕೆ ಸಂಗೀತ ಹಾಕೋಣವೇ ಎಂದರು.
ಬೇಡ, ಉಸಿರಿಗಿರಲಿ ಎಂದೆ.

ಇಪ್ಪತ್ತೊಂಬತ್ತಕ್ಕೆ ಬಲಗಡೆ ಇನ್ನೂ ಖಾಲಿ.
ಗಾಳಿ ಬಂದ ಕಡೆಗೆ ಯಂತ್ರ ಮೈ ತಿರುಗಿಸುತ್ತದಲ್ಲ,
ಅದಕ್ಕೇನನ್ನೋಣ ಎಂದು ಪಾಲಯ್ಯನನ್ನೇ ಕೇಳಿದ್ದೇನೆ.
ಕಣದಲ್ಲಿ ತೂರುವಾಗ ಅವ್ವ ಏನೋ ಅಂತಿದ್ದಳು,
ಕೇಳಿ ಹೇಳ್ತೀನಿ, ಎಂದಿದ್ದಾನೆ.