ಮೈನಸ್ ಹದಿನಾರು

ಎಡಕ್ಕೆ ತಿರುಗಿ, ಕೈ ತಲೆ ಕೆಳಗಿಡಿ ಅಂದೆ.
ಹಾಜಿರಾಬಿ ತಿರುಗಿದರು; ಮಂಚ ಕಿರ್ರೆಂದಿತು.
ಜೆಲ್ಲಿನ ತಂಪಿಗೆ ಬೆಚ್ಚಿ, ಆಮೇಲೆ ನಕ್ಕರು:
'ಭಟ್ಟಿ ಮುಂದೆ ಬೆಂದ ಮೈಗೆ ಇದೇ ಜನ್ನತ್ ನೋಡಮ್ಮ.'

ಎಡಗಡೆ ಮೊಲೆಯಿಲ್ಲ. ಹೊಲಿಗೆಯ ಗೆರೆ ಇದೆ.
ಪ್ರೋಬ್ ಇಡಲು ಜಾಗ ಸಲೀಸು
ಎಂದು ಯೋಚಿಸಿದ್ದಕ್ಕೆ ನನಗೇ ನಾಚಿಕೆ.

'ಏನಾಗೇತಿ ನನಗೆ? ಏದುಸಿರಿಲ್ಲ, ಕಾಲು ಬಾತಿಲ್ಲ,
ಬೆಳಗ್ಗೆ ಒಂದು ಚೀಲ ಮಂಡಕ್ಕಿ ಹುರಿದು
ಈ ದಾವಣಗೆರೆ ಬಿಸಿಲಾಗ
ಬಾಷಾನಗರದಿಂದ ನಡಕೊಂಡೇ ಬಂದೀನಿ.'

ಸುಳ್ಳಲ್ಲ. ಪರದೆಯ ಮೇಲೂ ಹಾಗೇ ಇತ್ತು:
ಕವಾಟಗಳು ಹೊತ್ತಿಗೆ ಸರಿಯಾಗಿ ತೆರೆದು, ಮುಚ್ಚಿ,
ಹೊರಗೆ ತಳ್ಳುವ ರಕ್ತ ನೂರಕ್ಕೆ ಅರವತ್ತು.
ಇಲ್ಲಿಗೇ ಬರೆದು ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ.
ಹೊರಗೆ ಹನ್ನೊಂದು ಜನ ಕೂತಿದ್ದರು.

'ಉಸಿರು ಬಿಡಿ. ಹಿಡೀರಿ.'
ಮೂರು ಬಡಿತ ತೆಗೆದಿಟ್ಟುಕೊಂಡೆ.
ಗೋಡೆಗುಂಟ ಚುಕ್ಕಿಗಳನ್ನು ಯಂತ್ರ ಬೆನ್ನಟ್ಟಿತು:
ಅಡ್ಡಕ್ಕೆ ಹಿಂಡುವುದಲ್ಲ, ಉದ್ದಕ್ಕೆ ಕುಗ್ಗುವುದು,
ಬುಡ ತುದಿಯ ಕಡೆ ಇಳಿದು ಬರುವ
ಆ ಬೆರಳಗಲದ ಕೆಲಸ
ಒಳಪದರದ ಎಳೆಗಳದು; ಮೊದಲು ದಣಿಯುವವೂ ಅವೇ.
ಉಳಿದವು ಎರಡರಷ್ಟು ದುಡಿದು ಮನೆಯ ಮಾನ ಕಾಯುತ್ತವೆ.

ಜನವರಿಯಲ್ಲಿ, ಮೊದಲ ಕೆಂಪು ಇಂಜೆಕ್ಷನ್ನಿಗೆ ಮುಂಚೆ, ಮೈನಸ್ ಇಪ್ಪತ್ತು.
ಇವತ್ತು ಮೈನಸ್ ಹದಿನಾರು.
(ಈ ಲೆಕ್ಕದಲ್ಲಿ ಮೈನಸ್ಸು ಬೆಳೆದಷ್ಟೂ ಲಾಭ.)
ಮತ್ತೆ ತೆಗೆದೆ. ಹದಿನಾರು.
ಮೂರನೇ ಸಲ ಹದಿನಾರೂವರೆ.
ದುಂಡನೆಯ ಆ ನಕ್ಷೆಯಲ್ಲಿ ದಾಸವಾಳದ ಕೆಂಪಿದ್ದದ್ದು
ಒಂದು ಅಂಚಿನಲ್ಲಿ ಬಣ್ಣ ಬಿಟ್ಟಿತ್ತು.

'ಏನಮ್ಮ, ಮೂರ್ಮೂರು ಸಲ?'

ಹೇಳುವುದು ಡಾಕ್ಟರ ಕೆಲಸ.
ಆದರೂ ಬಾಯಿ ತಪ್ಪಿತು: 'ಏನೂ ಆಗಿಲ್ಲ.
ಆಗೋದಕ್ಕೆ ಮುಂಚಿನದನ್ನ ಹುಡುಕ್ತಿದೀನಿ.'

ಅವರು ಚಾವಣಿ ನೋಡುತ್ತ ಅಂದರು:
'ಮರಳು ಕಾಯೋದೂ ಹಂಗೇ.
ಕಣ್ಣಿಗೆ ಅದೇ ಮರಳು, ಅದೇ ಬಾಣಲಿ.
ಜರಡಿ ಆಡಿಸುವಾಗ ಸದ್ದು ಒಂಚೂರು ದಪ್ಪಗಾಗ್ತೈತಿ.
ಆಗ್ಲೇ ಒಲೆಯಿಂದ ಹೊಟ್ಟು ಎಳೀಬೇಕು.
ಘಾಟು ಮೂಗಿಗೆ ಬಂದ ಮ್ಯಾಲೆ ಏನು ಎಳೀತಿ?
ನಮ್ಮ ಸೊಸೀಗೆ ಆ ಸದ್ದು ಇನ್ನೂ ಕೇಳಲ್ಲ,
ಕಿವಿ ಮೊಬೈಲಾಗ ಐತಿ.'

ನಕ್ಕಿದ್ದಕ್ಕೆ ಎದೆ ಕುಲುಕಿ ಚಿತ್ರ ಕೆಟ್ಟಿತು.

ಲಕ್ಷಣಗಳು ಎಂಬಲ್ಲಿ 'ಇಲ್ಲ' ಎಂದು ಬರೆದೆ.
ಕೆಳಗೆ, ಹದಿನಾರರ ಸುತ್ತ ಪೆನ್ನಿನಿಂದ ಎರಡು ಸುತ್ತು,
ಡಾಕ್ಟರು ಅರವತ್ತು ನೋಡಿ ಹಾಳೆ ಮಡಚದಿರಲೆಂದು.

ಬಾಗಿಲಲ್ಲಿ ಚಪ್ಪಲಿ ತಡಕುತ್ತ ಕೇಳಿದರು:
'ಮುಂದಿನ ಕೆಂಪು ಸೂಜಿ ಗುರುವಾರ. ಹಾಕ್ತಾರಾ?'
ಗೊತ್ತಿಲ್ಲ ಅಂದೆ.

ಮೇಜಿನ ಮೇಲೊಂದು ಕಾಗದದ ಪೊಟ್ಟಣ ಬಿಟ್ಟು ಹೋಗಿದ್ದರು.
ಇನ್ನೂ ಬೆಚ್ಚಗಿತ್ತು.
ಕಿವಿಯ ಹತ್ತಿರ ತಂದು ಅಲ್ಲಾಡಿಸಿದೆ.
ಹೊರಗೆ ಹನ್ನೊಂದು ಜನ.